ದೊಡ್ಡಣ್ಣನ ಕೋಟಿನ ಎಡತೋಳು

ಮಾರ್ಚ್ 3, ಸೋಮವಾರ. ಸಂಜೆ 6

ಎರಡು ಪ್ಯಾಂಟ್ ಗಿಡ್ಡ ಮಾಡಿದ್ದಾಯ್ತು. ನರ್ಸ್ ಯೂನಿಫಾರಂ ಇನ್ನೂ ಮೂರು ಬಾಕಿ. ಮಷಿನ್ ಬೆಲ್ಟ್ ಮತ್ತೆ ಸಡಿಲ.

ಮಧ್ಯಾಹ್ನ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಬಂದಿದ್ದ. ಕವರಿನೊಳಗೆ ದೊಡ್ಡಣ್ಣನ ಓವರ್‌ಕೋಟು. ಊರಿಗೆಲ್ಲ ಮೇಜರ್, ಅವರ ಕೈಕೆಳಗೆ ಯುದ್ಧಕ್ಕೆ ಹೋದವರ ನಮ್ಮ ನಾಲ್ಕು ಮನೆಗಳಿಗೆ ದೊಡ್ಡಣ್ಣ. ಅಪ್ಪನೂ ಹಾಗೇ ಕರೀತಿದ್ದ, ನಾನೂ ಹಾಗೇ. ಹೋದ ವರ್ಷ ತೀರಿಕೊಂಡರು. ಕೋಟನ್ನ ಸಂಘದ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ. ಇದೇ 22ಕ್ಕೆ ಫಂಕ್ಷನ್.

ಒಳ್ಳೇದೇ ಅಂದುಕೊಂಡೆ. ಆಮೇಲೆ ಬಂತು ವಿಷಯ. ಎಡತೋಳು ಅರ್ಧ ಇಲ್ಲ, ನೋಡೋಕೆ ಚೆನ್ನಾಗಿರಲ್ಲ, ಹೊಸದು ಹಚ್ಚಿಕೊಡಬೇಕಂತೆ. ಬಟ್ಟೆಯನ್ನೂ ತಂದಿದ್ದ.

ತೋಳು ಯಾಕಿಲ್ಲ, ಗೊತ್ತಾ ಅಂತ ಕೇಳಿದೆ.

"ಇಲಿ ಕಡಿದಿರಬೇಕು" ಅಂದ.

ಇಲಿ! ಇವನು ಸಂಘದ ಕಾರ್ಯದರ್ಶಿ. ಮೈಯೆಲ್ಲ ಉರಿದುಹೋಯಿತು. ನನ್ನಿಂದ ಆಗಲ್ಲ ಅಂದೆ. ಯೋಚನೆ ಮಾಡಿ ಅಂತ ಕೋಟು ಮೇಜಿನ ಮೇಲೆ ಬಿಟ್ಟು ಹೋದ.

ಮಾರ್ಚ್ 4, ಮಂಗಳವಾರ

ಸಿಟ್ಟು ಇಳಿದಿಲ್ಲ. ಯೂನಿಫಾರಂ ಕಾಲರನ್ನ ತಲೆಕೆಳಗಾಗಿ ಹಚ್ಚಿದೆ, ಬಿಚ್ಚಿದೆ.

ತೋಳಿನ ಕಥೆ ಯಾರಿಗೂ ಗೊತ್ತಿಲ್ಲ ಅಂತಲ್ಲ. ಕೇಳಿದವರಿಲ್ಲ, ಅಷ್ಟೇ. ಯುದ್ಧದಲ್ಲಿ, ನದಿ ದಾಟುವಾಗ ಜೀಪಿಗೆ ಶೆಲ್ ಬಿತ್ತು. ಡ್ರೈವರ್ ಮಾಮನ ಕಾಲು ಜಜ್ಜಿಹೋಯಿತು. ರಕ್ತ ನಿಲ್ಲಿಸೋಕೆ ಏನೂ ಇಲ್ಲ. ದೊಡ್ಡಣ್ಣ ಚಾಕು ತಗೊಂಡು ತಮ್ಮ ಕೋಟಿನ ತೋಳನ್ನೇ ಕೊಯ್ದು ಮಾಮನ ತೊಡೆಗೆ ಬಿಗಿದರು. ಸ್ಟ್ರೆಚರಿನ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅವರು. ಇಡೀ ದಿನ ಹಿಮದಲ್ಲಿ ನಡೆದರು. ಕಾಲು ಹೋಯಿತು, ಮಾಮ ಉಳಿದ.

ಅದು ಮಾರ್ಚ್ 22. ಪ್ರತಿ ವರ್ಷ ಆವತ್ತು ನಾಲ್ಕೂ ಮನೆಯವರು ಮಾಮನ ಮನೇಲಿ ಸೇರ್ತೀವಿ. ದೊಡ್ಡಣ್ಣ ಅದೇ ಕೋಟು ಹಾಕಿಕೊಂಡು ಬರೋರು. ಅವರ ಹೆಂಡತಿ ಮಾತ್ರ ಒಂದು ಸಲವೂ ಬಂದವರಲ್ಲ. ದೊಡ್ಡಸ್ತಿಕೆ ಅಂತ ಅಮ್ಮ ಅನ್ನುತ್ತಿದ್ದಳು.

ಈಗ ಸಂಘದವರು ನಮ್ಮ ದಿನವನ್ನೇ ಹಿಡಿದಿದ್ದಾರೆ. ಕೇಳಬೇಕು ಅಂತಲೂ ಅನ್ನಿಸಿಲ್ಲ.

ಮಾರ್ಚ್ 6, ಗುರುವಾರ

ಕಾರ್ಯದರ್ಶಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, ತಣ್ಣಗೆ, ತೋಳು ಹಚ್ಚಿಸಿ ಅಂದದ್ದು ತಾನಲ್ಲ, ಮೇಜರ್ ಅವರ ಹೆಂಡತಿ ಅಂದ.

ಆಕೆಗೆ ಗೊತ್ತಿಲ್ಲವಾ? ಗೊತ್ತಿದ್ದೂ...

ಮಾರ್ಚ್ 11, ಮಂಗಳವಾರ

ಅಂಗಡಿ ಅರ್ಧ ದಿನ ಮುಚ್ಚಿ ಅವರ ಮನೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು — ಇಷ್ಟು ವರ್ಷದಲ್ಲಿ!

ಚಿಕ್ಕ ಹಾಲ್. ಇಸ್ತ್ರಿ ಟೇಬಲ್, ಮಾತ್ರೆ ಡಬ್ಬಿ. ಮೆಡಲ್ ಗಿಡಲ್ ಏನೂ ಇಲ್ಲ. ಟೀ ಕೊಟ್ಟರು. ನಾನು ಜೋಡಿಸಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅದು ಮಾಮನ ರಕ್ತ, ಅಪ್ಪನ ಬೆವರು, ಮುಚ್ಚೋಕೆ ನಿಮಗೇನು ಹಕ್ಕು ಅಂತಲೂ ಅಂದುಬಿಟ್ಟೆ.

ಅವರು ಕಪ್ ಕೆಳಗಿಟ್ಟರು. "ನಿನ್ನ ಅಮ್ಮನಿಗೆ ಆಪರೇಷನ್ ಆದಾಗ ಇವರು ಮೂರು ದಿನ ಆಸ್ಪತ್ರೆಯಲ್ಲೇ ಕೂತಿದ್ದರಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು. ಅಪ್ಪ ಗಡಿಯಲ್ಲಿದ್ದ. ನನಗೆ ಹತ್ತು ವರ್ಷ. ಕಾರಿಡಾರಿನಲ್ಲಿ ನನ್ನ ಜಡೆ ಹಾಕಿದ್ದು ದೊಡ್ಡಣ್ಣ, ಸೊಟ್ಟಸೊಟ್ಟಗೆ.

"ಎರಡನೇ ದಿನ ನಾನು ಹೆತ್ತೆ. ಒಬ್ಬಳೇ ಇದ್ದೆ."

ನಾನೂ ಕಪ್ ಕೆಳಗಿಟ್ಟೆ.

"ಬೇಜಾರು ಅಂತಲ್ಲ. ಅವರು ಇದ್ದದ್ದೇ ಹಾಗೆ. ನಿಮಗೆಲ್ಲ ಹಂಚಿ ಉಳಿದದ್ದು ನನಗೆ. ಯುದ್ಧಕ್ಕೆ ಮೊದಲು ಆ ಕೋಟು ಅವರ ಮೈಮೇಲೆ ಪೂರ್ತಿ ಇದ್ದದ್ದನ್ನ ಮನೇಲಿ ನೋಡಿದವಳು ನಾನೊಬ್ಬಳೇ. ಇನ್ನೊಂದು ಸಲ ನೋಡಬೇಕು."

ಟೀ ಅರ್ಧಕ್ಕೇ ಬಿಟ್ಟು ಬಂದೆ. ಬಸ್ಸಿನಲ್ಲಿ ಸಿಟ್ಟು. ಯಾರ ಮೇಲೆ? ಆಕೆ ಮೇಲೆ. ಆಮೇಲೆ ನಮ್ಮಮ್ಮನ ಮೇಲೆ. ಕೊನೆಗೆ ದೊಡ್ಡಣ್ಣನ ಮೇಲೆ — ಹುಟ್ಟಿ ಇದೇ ಮೊದಲು. ಒಂದು ಮಾತು ಹೇಳಬಾರದಿತ್ತಾ? ನನ್ನ ಹೆಂಡತಿ ಹೆರಿಗೆ ಮನೇಲಿದ್ದಾಳೆ ಅಂತ?

ಮಾರ್ಚ್ 12, ಬುಧವಾರ

ಮಾಮನಿಗೆ ಎಲ್ಲ ಹೇಳಿದೆ. ನನ್ನ ಪರ ಮಾತಾಡ್ತಾನೆ ಅಂದುಕೊಂಡಿದ್ದೆ. ಊರುಗೋಲಿನ ರಬ್ಬರ್ ತಿರುವುತ್ತಾ ಕೇಳಿದ:

"ಆಕೆಯನ್ನ ನಾವು ಯಾವತ್ತಾದ್ರೂ ಕರೆದಿದ್ದೀವಾ?"

ಇಲ್ಲ. ದೊಡ್ಡಣ್ಣ ಒಬ್ಬರೇ ಬರ್ತಿದ್ದರು, ನಾವು ಒಬ್ಬರಿಗೇ ಕುರ್ಚಿ ಹಾಕ್ತಿದ್ದೆವು. ಅವರನ್ನ ದೊಡ್ಡಣ್ಣ ಅಂದೆವು, ಆಕೆಯನ್ನ ಅತ್ತಿಗೆ ಅನ್ನಲಿಲ್ಲ.

"ಕೊಯ್ದದ್ದು ನನ್ನ ಕಾಲಿಗೆ. ನಾನು ಹೇಳ್ತಾ ಇದ್ದೀನಿ, ಹೊಲಿ" ಅಂದ. ಬೈದ ಹಾಗಿತ್ತು.

ಮಾರ್ಚ್ 19, ಬುಧವಾರ

ಹೊಲಿದೆ. ಕಾರ್ಯದರ್ಶಿ ತಂದ ಬಟ್ಟೆ ವಾಪಸ್ಸು, ಬಣ್ಣ ಗಾಢ. ಹಳೇ ಉಣ್ಣೆ ಹುಡುಕೋಕೆ ನಾಲ್ಕು ದಿನ.

ಚಾಕು ಹರಿದ ಅಂಚನ್ನ ಸಮ ಮಾಡಿ ಜೋಡಿಸೋದು ಸುಲಭ. ಕತ್ತರಿ ಎತ್ತಿದೆ, ಆಗಲಿಲ್ಲ. ಹಳೇ ತೋಳನ್ನ ಹಾಗೇ ಬಿಟ್ಟು, ಹೊಸದನ್ನ ಅದರ ಮೇಲಿಂದ ಏರಿಸಿ ಭುಜದ ಹೊಲಿಗೆಗೆ ಕೂಡಿಸಿದೆ. ಹೊರಗೆ ಕಾಣಲ್ಲ. ಹೇಳೋದೂ ಇಲ್ಲ.

ಮಾರ್ಚ್ 20, ಗುರುವಾರ. ಸಂಜೆ

ದೊಡ್ಡಣ್ಣನ ಹೆಂಡತಿ ಬಂದಿದ್ದರು. ಮೊದಲು ದೂರದಿಂದ ನೋಡಿದರು. ಆಮೇಲೆ ಹಾಕಿಕೊಳ್ತೀನಿ ಅಂದರು. ಬಲಗೈ ಸಲೀಸಾಗಿ ಹೋಯಿತು. ಎಡಗೈ ಮೊಣಕೈ ಹತ್ತಿರ ಸಿಕ್ಕಿಕೊಂಡು ನಿಂತಿತು. ಬೆರಳಿನಿಂದ ಒಳಗೇ ತಡವಿದರು.

"ಕತ್ತರಿಸಿಲ್ಲ ನೀನು."

"ಇಲ್ಲ, ಅತ್ತಿಗೆ."

ಬಾಯಿಗೆ ತಾನಾಗಿ ಬಂತು. ಇಬ್ಬರೂ ಅದನ್ನ ಕೇಳಿಸಿಕೊಂಡೆವು. ಅವರು ಕೈ ಪೂರ್ತಿ ತೂರಿಸಿ, ಕೆಳಗಿನಿಂದ ಕತ್ತಿನವರೆಗೂ ಗುಂಡಿ ಹಾಕಿಕೊಂಡರು. ಕನ್ನಡಿ ಕಡೆ ತಿರುಗಲಿಲ್ಲ. ಕೋಟಿನ ಅಂಚು ಕಾಲಿಗೆ ಬಡೀತಿತ್ತು.

ಇದು ಹಾಲ್‌ಗೆ ಹೋಗಲ್ಲ ಅಂದರು. ಹಾಗೇ, ಅದೇ ಕೋಟಿನಲ್ಲಿ, ಸಂತೆ ರಸ್ತೆಯ ಜನರ ನಡುವೆ ಮನೆಗೆ ಹೊರಟರು. ಹೊರಡುವಾಗ ಅಂಗಡಿ ಬಾಗಿಲ ಹತ್ತಿರ ತಿರುಗಿ ಹೇಳಿದ್ದು ಇಷ್ಟೇ: ಶನಿವಾರ ನಾಲ್ಕೂ ಮನೆಯವರು ನಮ್ಮಲ್ಲಿಗೇ ಬನ್ನಿ, ಕುರ್ಚಿ ಸಾಲದು, ನೀವೇ ತನ್ನಿ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 10

ಮಾಮನಿಗೆ ಹೇಳಿಯಾಯಿತು. ಇನ್ನೆರಡು ಮನೆಗೂ ಫೋನ್ ಹೋಯಿತು. ಮಾಮ ಆಗಲೇ ಶೇವ್ ಮಾಡಿಕೊಂಡು ಕೂತಿದ್ದಾನೆ, ಒಂದು ದಿನ ಮೊದಲೇ.

ಕಾರ್ಯದರ್ಶಿ ಬರ್ತಾ ಇದ್ದಾನೆ. ರಸ್ತೆ ದಾಟಿದ. ಕಂಕುಳಲ್ಲಿ ಇನ್ವಿಟೇಶನ್ ಕಟ್ಟು, ಹಿಂದೆ ಫೋಟೋಗ್ರಾಫರ್ ಬೇರೆ. ಕೋಟು ಎಲ್ಲಿ ಅಂತ ಕೇಳ್ತಾನೆ. ಕೇಳಲಿ. ಅದರ ಮನೆಗೆ ಹೋಗಿದೆ, ನಾಳೆ ನಾವೂ ಅಲ್ಲಿಗೇ ಹೋಗ್ತೀವಿ, ನೀನು ಗಾಜಿನ ಪೆಟ್ಟಿಗೇಲಿ ಏನು ಬೇಕಾದ್ರೂ ಇಟ್ಟುಕೋ ಅಂತೀನಿ. ಅದಕ್ಕೂ ಮೀರಿ ಆಕೆ ಬಗ್ಗೆ ಒಂದು ಮಾತಾಡಿದನೋ —