ಹಿಮದಾಗ ನಿಂತಾಂವ

ಪಂಢರಿ ಅಣ್ಣಾ,

ಬರಗಾಲದಾಗ ಪುಣೆಗೆ ದುಡಿಲಿಕ್ಕ ಹೋದಿ. ತಿರುಗಿ ಬಂದದ್ದು ನಿನ್ನ ಬಟ್ಟಿ, ಮೊಬೈಲ್ ಅಷ್ಟೇ. ಅದನ್ನ ಇವತ್ತ ಮಧ್ಯಾಹ್ನ ಚಾಲೂ ಮಾಡಿದೆ. ನೀ ಆಡ್ತಿದ್ದ ಗೇಮಿನಾಗ ಸಣ್ಣಗ ಹಿಮ ಬೀಳ್ಲಿಕತ್ತಿತ್ತು. ನೀ ಬಿಟ್ಟಲ್ಲೇ ನಿನ್ನ ಮನಷ್ಯಾ ನಿಂತಿದ್ದ. ಅವನ ಹಿಂದಿನ ಹೆಜ್ಜಿ ಇನ್ನೂ ಮುಚ್ಚಿರಲಿಲ್ಲ.

ಸಾಲ್ಯಾಗ ನೀ ಹಿಮದ ಬಗ್ಗೆ ಬರೆದ ಕವಿತಾ ಓದಿದಾಗ, "ನಮ್ಮ ಡಾಬಕಾ ಊರಾಗ ಕುಡಿಲಿಕ್ಕ ನೀರಿಲ್ಲ, ಇಂವಗ ಹಿಮ ಬೇಕಂತ" ಅಂತ ಎಲ್ಲಾರಕಿಂತ ಮೊದಲ ನಕ್ಕಾಕಿ ನಾನು. ಆಮ್ಯಾಲ ನೀ ಒಂದು ಸಾಲೂ ಬರೀಲಿಲ್ಲ.

ಅವ್ವ ಬಂದು ಮೊಬೈಲಿನಾಗ ಬಾಳೊತ್ತು ನೋಡಿದಳು. "ಅನುಸೂಯಾ, ಇಂವಾ ಎಷ್ಟೊತ್ತಿನಿಂದ ಥಂಡ್ಯಾಗ ನಿಂತಾನ?" ಅಂದಳು. ಬಿಸಲಿಗೆ ಮ್ಯಾಲಿನ ತಗಡು ಚಟಚಟ ಅನ್ಲಿಕತ್ತಿತ್ತು. ಆಕಿ ನಿನ್ನ ಕೌದಿ ತಂದು ಮೊಬೈಲಿಗೆ ಹೊದಿಸಿದಳು.

ಈ ಸಲ ನಾ ನಗಲಿಲ್ಲ, ಅಣ್ಣಾ.