ಒದ್ದೆ ಇರದ ನೆಲ

ಫೆಬ್ರವರಿ 3, ಬೆಳಗ್ಗೆ 8.30

ಫ್ರೀ ಥ್ರೋ. ಮತ್ತೆ ಫ್ರೀ ಥ್ರೋ. ಒಬ್ಬೊಬ್ಬರಿಗೆ ಐವತ್ತು. ಭುಜ ಕಳಚಿ ಕೈಗೆ ಬಂದ ಹಾಗಿದೆ. ನಿನ್ನೆ ಮ್ಯಾಚಲ್ಲಿ ಹತ್ತೊಂಬತ್ತಕ್ಕೆ ಹನ್ನೊಂದು ಬಿಟ್ವಿ. ಅದರಲ್ಲಿ ನಾಲ್ಕು ನಂದೇ. ಕ್ಯಾಪ್ಟನ್ ಅಂತೆ ಕ್ಯಾಪ್ಟನ್! ಎದುರಿಗೆ ಯಾರೂ ಅಡ್ಡ ಇಲ್ಲ, ಯಾರೂ ತಳ್ಳಲ್ಲ, ಸುಮ್ನೆ ನಿಂತು ಹಾಕೋದು. ಅದೇ ಆಗಲ್ಲ.

ಕೋಚ್ ಮೇಡಂ ಬಯ್ಯಲಿಲ್ಲ. ಬಯ್ದಿದ್ರೇ ವಾಸಿ ಇತ್ತು. ಬೋರ್ಡ್ ಮೇಲೆ ಬರೆದರು — ಎಂಟು ಕಾಲೇಜು. ಮೊದಲ ನಾಲ್ಕಕ್ಕೆ ನಾಕೌಟ್. ನಾವು ಐದು. ಉಳಿದಿರೋದು ಮೂರು ಮ್ಯಾಚ್, ಗೆಲ್ಲಬೇಕಾದ್ದು ಎರಡು. ಕೆಳಗೊಂದು ಗೆರೆ ಎಳೆದು, ಸೀಮೆಸುಣ್ಣ ಇಟ್ಟು, ಹೊರಟೇ ಹೋದರು.

ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮ್ ನಾಕೌಟ್ ಮುಖ ನೋಡಿ ಹನ್ನೊಂದು ವರ್ಷ ಆಯ್ತಂತೆ. ನನಗಿದು ಕೊನೇ ವರ್ಷ.

ಟೀಮಲ್ಲಿ ಎತ್ತರ ಅಂತ ಇರೋದು ಒಬ್ಬಳೇ, ಕೊಕ್ಕರೆ. ಆರಡಿಗೆ ಒಂದಿಂಚು ಕಮ್ಮಿ. ರಿಂಗಿಗೆ ಬಡಿದು ವಾಪಸ್ ಬರೋ ಬಾಲ್, ಅದೇ ರೀಬೌಂಡು, ಎಲ್ಲಾ ಅವಳದ್ದೇ. ಬಾಕಿ ನಾವೆಲ್ಲ ಅವಳ ಕಂಕುಳ ಕೆಳಗೆ ಓಡಾಡೋ ಪಾರ್ಟಿ. ಫಸ್ಟ್ ಇಯರ್ ಬೆಂಕಿಪೊಟ್ಟಣ ಅಂತೂ ಇನ್ನೂ ಕುಳ್ಳಿ. ಗೀರಿದ್ರೆ ಸಾಕು, ಹತ್ಕೊಳ್ತಾಳೆ. ಇವತ್ತು ಬಾಲಿಗೇ ಬಯ್ತಿದ್ಲು.

ಫೆಬ್ರವರಿ 5, ಸಂಜೆ

ಕೊಕ್ಕರೆ ಹಾಸ್ಟೆಲ್ ಮೆಟ್ಟಿಲನ್ನ ಅಡ್ಡಡ್ಡ ಇಳೀತಿದ್ಲು. ಏಡಿ ಥರ. ಕಂಬಿ ಹಿಡ್ಕೊಂಡು. ನನ್ನ ನೋಡಿದ ತಕ್ಷಣ ನೆಟ್ಟಗಾದಳು.

ಅವಳ ರೂಮಿಗೆ ವಾಪಸ್ ಕರ್ಕೊಂಡು ಹೋಗಿ ಬಾಗಿಲು ಹಾಕಿ, "ತೋರ್ಸು" ಅಂದೆ. ಎಡ ಮಂಡಿ... ಮಂಡಿಚಿಪ್ಪೇ ಕಾಣ್ತಿಲ್ಲ. ಊದಿ ಬನ್ನಿನ ಹಾಗೆ.

"ಎಷ್ಟು ದಿನದಿಂದ?"

"ಎರಡು ವಾರ. ಐಸ್ ಇಟ್ರೆ ಇಳಿಯುತ್ತೆ ಕಣೇ. ಯಾರಿಗೂ ಹೇಳ್ಬೇಡ."

"ಮೇಡಂಗೆ—"

"ಮೇಡಂಗೆ ಮೊದಲೇ ಬೇಡ. ಬ್ಯಾಂಕ್ ಟೀಮಿನವರು ಹುಡುಗಿಯರನ್ನ ಆರಿಸೋಕೆ ಬರೋದು ನಾಕೌಟಿಗೆ ಮಾತ್ರ. ಅಲ್ಲಿ ಕಣ್ಣಿಗೆ ಬಿದ್ರೆ ಕೆಲಸಾನೂ ಆಯ್ತು, ಆಟಾನೂ ಆಯ್ತು. ಇಲ್ಲಾಂದ್ರೆ ಜೂನಿಗೆ ಎಲ್ಲಾ ಮುಗೀತು. ಬಾಲ್ ಬಿಟ್ರೆ ನಾನು ಬರೀ ಉದ್ದ ಕಣೇ. ಇನ್ನೇನಿದೆ ನನ್ನತ್ರ?"

ನಗ್ತಾನೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಆಣೆ ಹಾಕಿಸ್ಕೊಂಡಳು. ಹಾಕಿದೆ. ಅವಳಿಗೋಸ್ಕರ ಅಂತ ಬರೀಬಹುದು. ಆದ್ರೆ ಇದನ್ನ ಯಾರೂ ಓದಲ್ಲ, ಹಾಗಾಗಿ ನಿಜಾನೇ ಬರೀತೀನಿ. ಅವಳಿಲ್ಲದೆ ನಾವು ಗೆಲ್ಲಲ್ಲ. ಅದಕ್ಕೂ ಹಾಕಿದೆ.

ಫೆಬ್ರವರಿ 8, ಸಂಜೆ 7

ಗೆದ್ವಿ! ಮೂರು ಪಾಯಿಂಟಿಂದ. ಕೊಕ್ಕರೆ ಒಬ್ಬಳೇ ಹದಿನಾಲ್ಕು ರೀಬೌಂಡ್. ಬೆಂಕಿಪೊಟ್ಟಣ ನನ್ನ ಬೆನ್ನ ಮೇಲೆ ಹತ್ತಿ ಹಾಲ್ ತುಂಬಾ ಸವಾರಿ. ಈಗ ನಾವು ನಾಲ್ಕನೇ ಜಾಗ. ಇನ್ನೆರಡರಲ್ಲಿ ಒಂದು ಗೆದ್ರೆ ಸಾಕು.

ಡ್ರೆಸ್ಸಿಂಗ್ ರೂಮಲ್ಲಿ ಎಲ್ಲರೂ ಕುಣೀತಿದ್ರೆ ಅವಳು ಮೂಲೇಲಿ ಕೂತಿದ್ಲು. ಟವೆಲ್ ಬಾಯಲ್ಲಿ. ಕಚ್ಚಿ ಹಿಡಿದಿದ್ದಾಳೆ. ಯಾರಿಗೂ ಕಾಣಬಾರದು ಅಂತ ನಾನು ಮುಂದೆ ಹೋಗಿ ನಿಂತೆ.

ಫೆಬ್ರವರಿ 13

ನಾಲ್ಕು ದಿನ ಬರೀಲಿಲ್ಲ. ಬರೆದಿದ್ರೆ ಆ ಮಂಡಿ ವಿಷಯಾನೇ ಬರೀಬೇಕಿತ್ತು.

ಇವತ್ತು ಸೋತ್ವಿ. ನಮ್ಮ ಹಾಲಲ್ಲೇ, ಒಂಬತ್ತು ಪಾಯಿಂಟಿಂದ. ಅದಲ್ಲ ವಿಷಯ.

ಮೂರನೇ ಕ್ವಾರ್ಟರಲ್ಲಿ ಕೊಕ್ಕರೆ ಹಾರಿ ಬಾಲ್ ಹಿಡಿದು ಕೆಳಗಿಳಿದಳು. ಕಾಲು ನಿಲ್ಲಲೇ ಇಲ್ಲ. ಮಡಚ್ಕೊಂಡು ಕುಸಿದಳು. ಯಾರೂ ತಾಗಿರಲಿಲ್ಲ. ಮೇಡಂ ಎದ್ದು ಬಂದರು. "ಏನಾಯ್ತು?" ಅವಳು ಬಾಯಿ ತೆಗೆಯೋದಕ್ಕೆ ಮುಂಚೆ ನಾನೇ ಅಂದುಬಿಟ್ಟೆ. "ನೆಲ ಒದ್ದೆ ಇತ್ತು ಮೇಡಂ. ಜಾರಿದಳು."

ಎಲ್ಲಿಂದ ಬಂತೋ ಆ ಮಾತು. ನೀರು ಕುಡಿದಷ್ಟು ಸಲೀಸಾಗಿ.

ಮ್ಯಾಚ್ ಮುಗಿದ ಮೇಲೆ ಸ್ಪೋರ್ಟ್ಸ್ ಆಫೀಸಿನವರು ತಾತನನ್ನ ಕರೆಸಿದರು. ಹಾಲ್ ಒರೆಸೋ ತಾತ. ನಾವು ಸೇರೋದಕ್ಕೂ ಎಷ್ಟೋ ವರ್ಷ ಮುಂಚಿಂದ ಇದ್ದಾರೆ. ಎಲ್ಲರೆದುರಿಗೆ ಬಯ್ದರು. "ಹುಡುಗಿ ಕಾಲು ಮುರಿದಿದ್ರೆ ಯಾರು ಹೊಣೆ? ವಯಸ್ಸಾದ್ರೆ ಮನೇಲಿರಿ." ತಾತ ಮಾಪ್ ಕೋಲು ಹಿಡ್ಕೊಂಡು ನಿಂತಿದ್ರು. ಒಂದು ಮಾತೂ ಆಡಲಿಲ್ಲ.

ನಾನೂ ಆಡಲಿಲ್ಲ.

ಫೆಬ್ರವರಿ 14, ಮಧ್ಯಾಹ್ನ

ಅಮ್ಮನ ಹತ್ರ ಸುತ್ತಿ ಬಳಸಿ ಕೇಳಿದೆ. ಅಮ್ಮ ಮೂಳೆ ವಾರ್ಡಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಬಟ್ಟೆ ಮಡಚ್ತಿದ್ರು.

"ಅಮ್ಮಾ, ಮಂಡಿ ಊದಿ, ಆಗಾಗ ಇದ್ದಕ್ಕಿದ್ದ ಹಾಗೆ ಕೈಕೊಟ್ರೆ, ಏನದು?"

"ಯಾರಿಗೆ?"

"ಫ್ರೆಂಡಿಗೆ."

"ಆ ಫ್ರೆಂಡು ಎಷ್ಟು ಎತ್ತರ?"

ನಾನು ಕಾಲ್ಚೀಲದ ಜೋಡಿ ಹುಡುಕೋಕೆ ಶುರು ಮಾಡಿದೆ. ಅಮ್ಮ ನಗಲಿಲ್ಲ. "ನೋಡು ಪುಟ್ಟಿ, ಉಳುಕಿದ್ರೆ ನೋವಾಗುತ್ತೆ, ಕಾಲು ಹೀಗೆ ಕೈಕೊಡಲ್ಲ. ಇದು ಒಳಗೆ ಏನೋ ಹರಿದಿದೆ. ಇನ್ನೊಂದು ಸಲ ಹಾರಿ ಬಿದ್ರೆ ಪೂರ್ತಿ ಹೋಗಬಹುದು. ಆಮೇಲೆ ಆಟ ಬಿಡು, ಮೆಟ್ಟಿಲು ಹತ್ತೋದೂ ಕಷ್ಟ. ನಾನೇ ಹೋಗಿ ಹೇಳ್ಲಾ, ನೀನು ಹೇಳ್ತೀಯಾ?"

"ನಾನು ಹೇಳ್ತೀನಿ" ಅಂದೆ. ಹೇಳಲಿಲ್ಲ.

ಫೆಬ್ರವರಿ 16, ಬೆಳಗ್ಗೆ 6

ಪ್ರಾಕ್ಟೀಸಿಗೆ ಅರ್ಧ ಗಂಟೆ ಮುಂಚೆ ಹೋದೆ. ತಾತ ಒಬ್ಬರೇ. ಒರೆಸಿ ಮುಗಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೋರ್ಟಿನ ಉದ್ದಕ್ಕೂ ನಡೀತಿದ್ರು. ನಿಧಾನಕ್ಕೆ. ಒಂದು ತುದಿಯಿಂದ ಇನ್ನೊಂದು ತುದಿಗೆ.

"ಏನ್ ಮಾಡ್ತಿದ್ದೀರಾ ತಾತ?"

"ಒದ್ದೆ ಇದ್ಯಾ ಅಂತ ನೋಡ್ತೀನಮ್ಮ. ಕಣ್ಣಿಗೆ ಕಾಣ್ದೇ ಇದ್ರೂ ಕಾಲಿಗೆ ಗೊತ್ತಾಗುತ್ತೆ. ದಿನಾ ಮಾಡ್ತೀನಿ. ಅವತ್ತೂ ಮಾಡಿದ್ದೆ." ಹೆಬ್ಬೆರಳಲ್ಲಿ ನೆಲ ಒತ್ತಿ ನೋಡಿ, "ಆದ್ರೂ ವಯಸ್ಸಾಯ್ತಲ್ಲ. ಕಾಲಿಗೇ ತಿಳೀಲಿಲ್ವೇನೋ. ಆ ಉದ್ದನೆ ಮಗೂಗೆ ಜಾಸ್ತಿ ಪೆಟ್ಟಾಗಿಲ್ಲ ತಾನೇ?"

ತನ್ನ ಕಾಲನ್ನೇ ಅನುಮಾನ ಪಡ್ತಿದ್ದಾರೆ. ನನ್ನ ಒಂದು ಮಾತಿಗೆ.

"ನೆಲ ಒದ್ದೆ ಇರಲಿಲ್ಲ ತಾತ. ನಾನು ಸುಳ್ಳು ಹೇಳಿದೆ."

ತಾತ ನನ್ನ ನೋಡಿದರು. ಕೋಪ ಮಾಡ್ಕೊಳ್ತಾರೆ ಅಂದ್ಕೊಂಡೆ. ಅವರು ಉಸಿರು ಬಿಟ್ಟರು, ತಲೆ ಮೇಲಿನ ಮೂಟೆ ಯಾರೋ ಇಳಿಸಿದ ಹಾಗೆ. "ಹಂಗಾದ್ರೆ ಸರಿ" ಅಂದರು. ಚಪ್ಪಲಿ ಹಾಕ್ಕೊಂಡು ಬಕೆಟ್ ಎತ್ಕೊಂಡು ಹೋದರು. ಅಷ್ಟೇ.

ಬಯ್ದಿದ್ರೆ ಅಲ್ಲಿಗೆ ಮುಗೀತಿತ್ತು.

ಅದೇ ದಿನ, 11 ಗಂಟೆ

ಮೇಡಂ ರೂಮು. ನಿಂತ್ಕೊಂಡೇ ಹೇಳಿದೆ, ಎಲ್ಲಾ. ಮಂಡಿ, ಐಸು, ಟವೆಲ್, ತಾತ.

"ನಿನಗೆ ಯಾವಾಗಿಂದ ಗೊತ್ತು?"

"ಹನ್ನೊಂದು ದಿನ ಆಯ್ತು ಮೇಡಂ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. "ಕೂತ್ಕೋ" ಅಂದರು. ಆಮೇಲೆ ಕಿಟಕಿ ಕಡೆ ತಿರುಗಿ, "ನನಗೂ ಅನುಮಾನ ಇತ್ತು. ಬಲಗಾಲಿಂದ ಮಾತ್ರ ಹಾರ್ತಿದ್ದಾಳೆ, ಕಾಣಲ್ವಾ? ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಉತ್ತರ ಬಂದುಬಿಡುತ್ತೋ ಅಂತ."

ಹನ್ನೊಂದು ವರ್ಷದ ಹಿಂದಿನ ಟೀಮಿನ ಫೋಟೋ ಅವರ ತಲೆ ಮೇಲೇ ಇದೆ. ಇಬ್ಬರೂ ಅದರ ಕಡೆ ನೋಡಲಿಲ್ಲ.

"ನಡಿ, ಮೊದಲು ಆಫೀಸಿಗೆ. ತಾತನ ವಿಷಯ ನಾನೇ ಹೇಳ್ತೀನಿ. ನೀನೂ ಪಕ್ಕದಲ್ಲಿ ನಿಲ್ಲಬೇಕು."

ನಿಂತೆ. ಆಫೀಸಿನವರು ತಾತನನ್ನ ಕರೆಸಿ, "ತಪ್ಪಾಯ್ತು" ಅಂತ ಅರ್ಧ ಬಾಯಲ್ಲಿ ಹೇಳಿದರು. ನಾನು ಪೂರ್ತಿ ಬಾಯಲ್ಲಿ ಹೇಳಿದೆ.

ಫೆಬ್ರವರಿ 18

ಸ್ಕ್ಯಾನ್ ಬಂತು. ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್ ಮುಕ್ಕಾಲು ಹರಿದಿದೆ. ಆಪರೇಷನ್. ಸರಿಯಾಗಿ ನೋಡ್ಕೊಂಡ್ರೆ ಒಂಬತ್ತು ತಿಂಗಳಿಗೆ ಬಾಲ್ ಮುಟ್ಟಬಹುದಂತೆ. ಇನ್ನೊಂದು ಮ್ಯಾಚ್ ಆಡಿದ್ರೆ ಆ ಮಾತೂ ಇರ್ತಿರಲಿಲ್ಲ ಅಂದರಂತೆ ಡಾಕ್ಟರು.

ಕೊಕ್ಕರೆ ಹಾಸ್ಟೆಲಲ್ಲಿ ಬ್ಯಾಗ್ ತುಂಬ್ತಿದ್ಲು. ನಾನು ಬಾಗಿಲಲ್ಲಿ.

"ಈಗ ಸಮಾಧಾನ ಆಯ್ತೇನೇ?"

"ನಿನ್ನ ಕಾಲು—"

"ನನ್ನ ಕಾಲು. ನಂದು. ನಿಂದಲ್ಲ. ಒಂದೇ ಒಂದು ಮ್ಯಾಚ್ ಉಳಿದಿತ್ತು. ಆಣೆ ಹಾಕಿದ್ದೆ ನೀನು."

ಬ್ಯಾಗಿನ ಜಿಪ್ ಸಿಕ್ಕಿಹಾಕ್ಕೊಂಡಿತ್ತು, ಎಳೀತಾನೇ ಇದ್ಲು. ಬಿಡಿಸೋಕೆ ಹೋದೆ. ಕೈ ತಳ್ಳಿದಳು.

ಟೀಮಲ್ಲೂ ಕೆಲವರು ಮುಖ ತಿರುಗಿಸ್ತಿದ್ದಾರೆ. "ಮ್ಯಾಚ್ ಮುಗಿದ ಮೇಲೆ ಹೇಳಿದ್ರೆ ಗಂಟು ಹೋಗ್ತಿತ್ತಾ?" ಅಂತ ಒಬ್ಬಳು ಕೇಳಿಸೋ ಹಾಗೇ ಅಂದಳು. ಬೆಂಕಿಪೊಟ್ಟಣ ಅವಳ ಮೇಲೆ ಹಾರಿಬಿದ್ಲು. ಬಿಡಿಸೋಕೆ ಮೂರು ಜನ ಬೇಕಾಯ್ತು.

ಫೆಬ್ರವರಿ 21, ಸಂಜೆ 6.30

ಕೊನೇ ಮ್ಯಾಚ್. ಗೆದ್ದವರು ನಾಕೌಟಿಗೆ, ಸೋತವರು ಮನೆಗೆ.

ಅವರ ಸೆಂಟರ್ ಹುಡುಗಿ ತೆಂಗಿನಮರ. ಅವಳಿಗೆ ಬೆಂಕಿಪೊಟ್ಟಣ ಕಾವಲು. ನೋಡಿದ ಜನ ನಕ್ಕರು. ಐದು ನಿಮಿಷ ಆದ್ಮೇಲೆ ಯಾರೂ ನಗಲಿಲ್ಲ. ಬೆನ್ನು ಕೊಟ್ಟು, ಸೊಂಟ ತಗ್ಗಿಸಿ, ಗೋಂದು ಹಚ್ಚಿದ ಹಾಗೆ ಅಂಟ್ಕೊಂಡಿದ್ಲು. ಟೈಮ್‌ಔಟಲ್ಲಿ ಮೇಡಂ ಒಂದೇ ಮಾತು, "ನಮ್ಮತ್ರ ಎತ್ತರ ಇಲ್ಲ. ಕಾಲಿದೆ. ಓಡ್ರೇ!"

ಓಡಿದ್ವಿ. ಈ ಸೀಸನ್ನಲ್ಲೇ ಹೀಗೆ ಓಡಿರಲಿಲ್ಲ. ಅರ್ಧಕ್ಕೆ ಆರು ಪಾಯಿಂಟ್ ಮುಂದೆ. ಮೂರನೇ ಕ್ವಾರ್ಟರಿಗೆ ಒಂದು. ಕೊನೇಲಿ ಕಾಲು ಸೀಸ ಆಯ್ತು. ಅವರು ಹಾಕ್ತಾರೆ, ತಪ್ಪುತ್ತೆ, ತೆಂಗಿನಮರ ಕೈ ಚಾಚಿ ಮತ್ತೆ ಹಾಕ್ತಾಳೆ. ಮತ್ತೆ ತಪ್ಪುತ್ತೆ, ಮತ್ತೆ ಅವಳೇ. ಆ ಜಾಗದಲ್ಲಿ ಇರಬೇಕಾದವಳು ಇರಲಿಲ್ಲ. ಇದ್ದಿದ್ರೆ...

ಬೇಡ. ಬರೆಯಲ್ಲ.

ನಾಲ್ಕು ಪಾಯಿಂಟಿಂದ ಸೋತ್ವಿ. ಐದನೇ ಜಾಗ. ಮುಗೀತು.

ಬೆಂಕಿಪೊಟ್ಟಣ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. "ಎಲ್ಲಾ ನನ್ನಿಂದ ಮೇಡಂ. ನಂದೇ ತಪ್ಪು."

ಮೇಡಂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಅಷ್ಟು ದೊಡ್ಡ ತಪ್ಪು ಹೊರೋಕೆ ನೀನಿನ್ನೂ ಬೆಳೀಬೇಕು ಕಣಮ್ಮ."

ಅಳ್ತಿದ್ದವಳು ನಕ್ಕುಬಿಟ್ಟಳು. ಮೂಗಿಂದ ಗುಳ್ಳೆ. ನಾವೂ ನಕ್ವಿ. ಆಮೇಲೆ ಮೇಡಂ ಮುಖ ತೊಳ್ಕೊಂಡು ಬರ್ತೀನಿ ಅಂತ ಹೋದರು. ತುಂಬಾ ಹೊತ್ತು ಬರಲಿಲ್ಲ.

ಫೆಬ್ರವರಿ 25

ಆಪರೇಷನ್ ಚೆನ್ನಾಗಾಯ್ತಂತೆ. ಅಮ್ಮ ಹೇಳಿದ್ದು. ಅಮ್ಮನ ವಾರ್ಡಲ್ಲೇ ಇದ್ದಾಳೆ. ಸಂಜೆ ಹೋದೆ. "ಮಲಗಿದ್ದಾಳಮ್ಮ" ಅಂದರು ಅವಳ ತಾಯಿ. ಒಳಗೆ ಟಿವಿ ಚಾನೆಲ್ ಬದಲಾಯಿಸೋ ಸದ್ದು ಕೇಳ್ತಿತ್ತು.

ಫೆಬ್ರವರಿ 26

ಮತ್ತೆ "ಮಲಗಿದ್ದಾಳೆ."

ಫೆಬ್ರವರಿ 28, ಸಂಜೆ 4.20, ಆಸ್ಪತ್ರೆ ಕಾರಿಡಾರ್

ಬೆಂಚ್ ಮೇಲೆ ಕೂತು ಬರೀತಿದ್ದೀನಿ. ನಾಲ್ಕನೇ ದಿನ. ನಿನ್ನೆ ಬಂದಿದ್ದು ಬರೆಯಲೂ ಮನಸ್ಸಾಗಲಿಲ್ಲ.

ಅಮ್ಮ ಟ್ರೇ ಹಿಡ್ಕೊಂಡು ಹೋಗ್ತಾ, "ಮನೇಗೆ ಹೋಗು ಪುಟ್ಟಿ, ಅವಳಿಗಿನ್ನೂ ಟೈಮ್ ಬೇಕು" ಅಂದರು. ಹೋಗಲ್ಲ ಅಂದೆ. ಮೇಡಂ ಮುಂದಿನ ಸೀಸನ್ನಿಗೆ ಫ್ರೀ ಥ್ರೋ ಕಲಿಸೋಕೆ ಬರ್ತೀಯಾ ಅಂತ ನನ್ನ ಕೇಳಿದ್ದಾರೆ. ನನ್ನನ್ನ! ಇದನ್ನ ಹೇಳಿದ್ರೆ ಬಿದ್ದು ಬಿದ್ದು ನಗೋಳು ಒಬ್ಬಳೇ. ಅವಳಿಗೇ ಹೇಳೋ ಹಾಗಿಲ್ಲ.

ಬಾಗಿಲು ಸ್ವಲ್ಪ ತೆರೆದಿದೆ. ಒಳಗೆ ವಾಕರ್ ಸದ್ದು. ಟಕ್... ಟಕ್. ನಡೆಸ್ತಿದ್ದಾರೆ.

ನಿಂತಿತು. ಅವಳ ದನಿ. "ಆ ಕುಳ್ಳಿ ಕ್ಯಾಪ್ಟನ್ ಇವತ್ತೂ ಬಂದು ಕೂತಿದ್ದಾಳಾ?"

ಅವಳ ತಾಯಿ ಏನೋ ಅಂದರು. ಕೇಳಿಸಲಿಲ್ಲ.

"ನಾನೇನೂ ರಾಜಿ ಆಗಿಲ್ಲ. ಹೇಳಿ ಅವಳಿಗೆ. ಆದ್ರೆ ಆ ಮ್ಯಾಚ್ ಹೇಗಾಯ್ತು ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ. ಬರೀ ನಾಲ್ಕು ಪಾಯಿಂಟು, ನಾಲ್ಕು ಪಾಯಿಂಟು ಅಂತಾರೆ. ಒಳಗೆ ಬಂದು ಮೊದಲಿಂದ ಹೇಳಕ್ಕೆ ಹೇಳಿ. ಒಂದು ಬಾಲೂ ಬಿಡಬಾರದು."

ಅವಳ ತಾಯಿ ಹೊರಗೆ ಬರ್ತಿದ್ದಾರೆ. ಎಲ್ಲಿಂದ ಶುರು ಮಾಡ್ಲಿ... ಮೊದಲ ಜಂಪ್ ಬಾಲ್. ತೆಂಗಿನಮರದ ಎದುರಿಗೆ ನಮ್ಮ ಬೆಂಕಿಪೊಟ್ಟಣ ಬಂದು ನಿಂತಳು, ಕತ್ತೆತ್ತಿ ಅವಳ ಮುಖ ನೋಡಿ—