ಪಪ್ಪಾನ ಬೇಸಿಗೆ ಮನೆ

ಸಿರಿ,

ಆಸ್ಪತ್ರೆ ಡ್ಯೂಟಿಗೆ ಹೊರಟೆ. ಪಪ್ಪಾಗೆ ಮೊಸರನ್ನ ಕಲಸಿಟ್ಟಿದ್ದೇನೆ, ಎದುರಿಗೆ ಕೂತು ತಿನ್ನಿಸು.

ಸ್ವೀಡನ್ನಿನ ಲೇಕ್ ಮನೆ ಮಾರಿಬಿಟ್ಟೆ ಅಂತ ಕರಿನ್ ಅತ್ತೆ ಫೋನ್ ಮಾಡಿದ್ದರು. ಪಪ್ಪಾನ ಅಪ್ಪ, ನಿನ್ನ ತಾತ ಕಟ್ಟಿದ್ದು. ಅವರ ಮನೆಯವರು ಅಲ್ಲಿಗೆ ಹೋಗದ ಬೇಸಿಗೆಯೇ ಇರಲಿಲ್ಲ. ಪಪ್ಪಾಗೆ ಎರಡು ಸಲ ಹೇಳಿದೆ. ಎರಡು ಸಲವೂ ಹೊಸದಾಗಿ ಅತ್ತರು, ಆಮೇಲೆ ಮರೆತರು. ನೀನು ಹೇಳಬೇಡ.

ಲೇಕ್ ಮನೆಗೆ ಹೊರಡೋಣ ಅಂತ ಬಟ್ಟೆ ತುಂಬಿಕೊಂಡರೆ ತುಂಬಿಕೊಳ್ಳಲಿ, ಬೈಯಬೇಡ. ಆದರೆ ಇಲ್ಲಿ ಮಾರಿಸ್‌ಟೌನ್ ಊರಾಚೆಯ ಲೇಕ್‌ಗೆ ಮಾತ್ರ ಕರೆದುಕೊಂಡು ಹೋಗಬೇಡ. ನಿನ್ನೆ ನಾನು ಕರೆದುಕೊಂಡು ಹೋಗಿ, "ನಿಮ್ಮ ಲೇಕ್‌ಗೆ ಬಂದ್ವಿ ನೋಡಿ" ಅಂದೆ. ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ, "ಇದಲ್ಲ ಮೇಡಂ. ನನ್ನ ಹೆಂಡತಿಗೆ ದಾರಿ ಗೊತ್ತು, ಅವಳನ್ನ ಕರೀತೀರಾ?" ಅಂತ ನನ್ನನ್ನೇ ಕೇಳಿದರು.

ಅಮ್ಮ